20 ಸಾವಿರದ ಒಳಗೆ ಏರ್ ರೈಫಲ್‌ಗೆ ಸ್ಕೋಪು, ಯಾವ್ದು ತಗೊಳ್ಳವಾ?

ಕಬ್ಬಿನಗದ್ದೆ (ಮದ್ದೂರು)

ನಮಸ್ಕಾರ ಎಲ್ರಿಗೂವೆ. ನನ್ ತವ ಒಂದು .177 ಸ್ಪ್ರಿಂಗ್ ಏರ್ ರೈಫಲ್ ಐತೆ, ನಳಿಕೆ ಬಗ್ಗಿಸಿ ಪೆಲೆಟ್ ಹಾಕೋ ಟೈಪು, ಲೈಸೆನ್ಸ್ ಬೇಡದ್ದು. ನಮ್ಮ ಹಳೇ ಆಲೆಮನೆ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ ಐತೆ, ಅದ್ರ ಮುಂದೆ ಪೇಪರ್ ಟಾರ್ಗೆಟ್ಟು, ಸೋಡಾ ಬಾಟ್ಲಿ ಮುಚ್ಚಳ ಇಂಥವ ಇಕ್ಕಂಡು ನಾನೂ ನಮ್ ಭಾವಮೈದನೂ ಭಾನುವಾರ ಹೊಡಿತೀವಿ, 10 ಮೀಟರಿಂದ 35 ಮೀಟರ್ ಗಂಟ. ಕಂಪ್ನಿಯೋರು ಜೊತೇಲಿ ಕೊಟ್ಟಿರೋ ಓಪನ್ ಸೈಟು ನನ್ ಕಣ್ಣಿಗೆ ಈಗ ಮಸುಕು ಮಸುಕು, ಅದ್ಕೆ ಸ್ಕೋಪ್ ಹಾಕಣ ಅಂತ.

ನೋಡಿರೋದು ಮೂರು. ವೋರ್ಟೆಕ್ಸ್ ಕ್ರಾಸ್‌ಫೈರ್ 2, 3-9×40 (ಅಂದ್ರೆ 3ರಿಂದ 9 ಪಟ್ಟು ದೊಡ್ಡದಾಗಿ ಕಾಣ್ತದೆ, ಮುಂದಿನ ಲೆನ್ಸು 40 ಮಿಮೀ). ಹಾಕ್ ವ್ಯಾಂಟೇಜ್ 4-12×40 ಎಒ. ಆಮೇಲೆ ಒಬ್ರು ಪರಿಚಯದೋರ ತವ ಹಳೇದು ಲ್ಯೂಪೋಲ್ಡ್ 3-9×40 ಐತೆ, ಕೊಡ್ತೀನಿ ಅಂತವ್ರೆ. ಭಾವಮೈದ ಬೇರೆ ತಲೆ ತಿಂತಾವ್ನೆ, ತಗಳದಾದ್ರೆ 6-24×50 ತಗೋ, ಇರುವೆ ಕಾಲೂ ಕಾಣ್ತದೆ ಅಂತ. ಇನ್ನೊಂದು, ಕಬ್ಬಿಗೆ ಹಂದಿ ಕಾಟ ವಿಪರೀತ, ಸಾಯಂಕಾಲ ಮಬ್ಬಲ್ಲೂ ಚೆನ್ನಾಗಿ ಕಾಣಂಗಿದ್ರೆ ಒಳ್ಳೇದು. ಗೊತ್ತಿರೋರು ಒಸಿ ಹೇಳ್ರಣ್ಣ.

ಒಂಟಿಕೊಪ್ಪಲ್ ಹೈದ

ಕ್ರಾಸ್‌ಫೈರ್ ತಗೋ ಗುರು, ಯೋಚ್ನೆನೇ ಬೇಡ. ಗ್ಲಾಸ್ ಸೂಪರ್, ವಾರಂಟಿ ಲೈಫ್‌ಟೈಮ್, ಬಿಲ್ ಕಳೆದುಹೋದ್ರೂ ಕೇಳಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗೋರಲ್ಲಿ ಎಷ್ಟು ಜನ ಇದೇ ಹಾಕೋದು.

ಗುರಿಕಾರ (ಮೈಸೂರು)

ಜಿಂಕೆ ಬೇಟೆಗೆ ಚೆನ್ನಾಗಿದೆ ಅನ್ನೋದೇ ಇಲ್ಲಿ ತೊಂದ್ರೆ ಕಣಪ್ಪ. ಆ ಸ್ಕೋಪ್ ಕೆಟ್ಟದ್ದಲ್ಲ, ಅದನ್ನ ಮಾಡಿರೋದೇ ಬೇರೆ ಕೆಲ್ಸಕ್ಕೆ.

ಮದ್ದೂರಿನವರೇ, ಸ್ವಲ್ಪ ಉದ್ದ ಬರೀತೀನಿ, ಪುರ್ಸೊತ್ತಲ್ಲಿ ಓದಿ. ಬೇಟೆ ಅಂತ ಮಾರೋ 3-9×40 ಸ್ಕೋಪ್‌ಗಳಲ್ಲಿ ಸಾಮಾನ್ಯವಾಗಿ ಪ್ಯಾರಲಾಕ್ಸನ್ನ ಫ್ಯಾಕ್ಟರಿಲೇ 100 ಗಜಕ್ಕೆ ಫಿಕ್ಸ್ ಮಾಡಿ ಸೀಲ್ ಮಾಡಿರ್ತಾರೆ, ಅಂದ್ರೆ 91 ಮೀಟರ್, ಕ್ರಾಸ್‌ಫೈರ್ 3-9×40 ಕೂಡ ಹಂಗೇನೇ. ಆ ದೂರದಲ್ಲಿ ಮಾತ್ರ ಗುರಿಯ ಚಿತ್ರ, ಕ್ರಾಸ್ ಗೆರೆ ಎರಡೂ ಒಂದೇ ಪಾತಳಿಲಿ ಕೂತಿರುತ್ತೆ. ಹತ್ತಿರದ ಗುರಿಗೆ ಬಂದ್ರೆ ಎರಡೂ ಬೇರೆ ಬೇರೆ, ನಿಮ್ಮ ಕಣ್ಣು ಒಂಚೂರು ಅತ್ತಿತ್ತ ಹೋದ್ರೂ ಕ್ರಾಸ್ ಗುರಿ ಮೇಲೆ ಜಾರುತ್ತೆ. ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತು ಓರೆಯಿಂದ ಡ್ರೈವರ್ ಸ್ಪೀಡೋಮೀಟರ್ ನೋಡಿದ್ರೆ ಮುಳ್ಳು ಬೇರೆ ನಂಬರ್ ಮೇಲೆ ಇದ್ದಂಗೆ ಕಾಣುತ್ತಲ್ಲ, ಅದೇ ಇದು.

ಎಷ್ಟು ಜಾರುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಮುಂದಿನ ಲೆನ್ಸಿನ ಅರ್ಧ ಅಗಲ ತಗೊಳ್ಳಿ, 40 ಮಿಮೀ ಲೆನ್ಸಿಗೆ 20. ಸ್ಕೋಪ್ ಸೆಟ್ ಆಗಿರೋ ದೂರಕ್ಕೂ ನಿಮ್ಮ ಗುರಿ ದೂರಕ್ಕೂ ಇರೋ ವ್ಯತ್ಯಾಸನ, ಸೆಟ್ ಆಗಿರೋ ದೂರದಿಂದ ಭಾಗಿಸಿ, ಅದರಿಂದ ಗುಣಿಸಿ. 10 ಮೀಟರ್ ಗುರಿಗೆ 91 ಕಳೆ 10 ಅಂದ್ರೆ 81, ಭಾಗ 91, ಇಂಟು 20, ಹತ್ರ ಹತ್ರ 18 ಮಿಮೀ. 25 ಮೀಟರ್‌ಗೆ ಹದಿನಾಲ್ಕೂವರೆ ಮಿಮೀ. ಇದು ಕಣ್ಣು ಪೂರ್ತಿ ಅಂಚಿಗೆ ಹೋದಾಗಿನ ಮಾತು, ಅರ್ಧ ಜರುಗಿದ್ರೆ ಅದರರ್ಧ. ಆದ್ರೂ ನೀವು ಹೊಡೀತಿರೋದು ಸೋಡಾ ಮುಚ್ಚಳಕ್ಕೆ ಸ್ವಾಮಿ, ಅದರ ಅಗಲನೇ ಮೂರು ಸೆಂಟಿಮೀಟರ್ ಒಳಗೆ. ಮುಚ್ಚಳದ ನಟ್ಟನಡುವೆ ಕ್ರಾಸ್ ಇಟ್ಟು ಹೊಡೆದಿದೀನಿ ಅಂತ ನಿಮಗೆ ಗ್ಯಾರಂಟಿ ಇರುತ್ತೆ, ಪೆಲೆಟ್ಟು ಪಕ್ಕದ ಮಣ್ಣಲ್ಲಿರುತ್ತೆ.

ಅದಕ್ಕೇ ನಿಮ್ಮ ಲಿಸ್ಟಲ್ಲಿ ಹಾಕ್ ವ್ಯಾಂಟೇಜ್ ಹೆಸರ ಮುಂದೆ ಎಒ ಅಂತ ಇರೋದು. ಅಡ್ಜಸ್ಟಬಲ್ ಆಬ್ಜೆಕ್ಟಿವ್. ಮುಂದಿನ ಲೆನ್ಸಿನ ಸುತ್ತ ಇರೋ ರಿಂಗ್ ತಿರುಗಿಸಿದ್ರೆ 10 ಗಜದಿಂದ ಹಿಡಿದು ಅನಂತದವರೆಗೆ ಸೆಟ್ ಮಾಡ್ಕೋಬಹುದು. ನಿಮ್ಮ ಅಳತೆಗೆ ಅದು ಸರಿ. ನನ್ನ ಮಾತು ಇಷ್ಟೇ, ಪವರ್ ನೋಡಿ ದುಡ್ಡು ಕೊಡಬೇಡಿ, ಪ್ಯಾರಲಾಕ್ಸ್ ಎಷ್ಟು ಹತ್ತಿರಕ್ಕೆ ಇಳಿಯುತ್ತೆ ಅಂತ ನೋಡಿ ಕೊಡಿ, ಆಮೇಲೆ ಉಳಿದಿದ್ದನ್ನ ಮೌಂಟಿಗೆ ಹಾಕಿ.

ಪಾಂಡವಪುರ ಪ್ಯಾಸೆಂಜರ್

ಗುರಿಕಾರ ಸಾರ್ ಆಪ್ಟಿಕ್ಸ್ ಹೇಳಿದ್ರು, ನಾನು ಹಂದಿ ವಿಷ್ಯ ಹೇಳಿಬಿಡ್ತೀನಿ, ಯಾಕಂದ್ರೆ ಸಾಯಂಕಾಲ ಮಬ್ಬಲ್ಲಿ ಅಂತ ಓದಿದ ತಕ್ಷಣ ಎದೆ ಧಸಕ್ ಅಂತು. ಅಣ್ಣ, 1972ರ ವನ್ಯಜೀವಿ ಕಾಯ್ದೆ 9ನೇ ಸೆಕ್ಷನ್ ಪ್ರಕಾರ ಬೇಟೆ ನಿಷಿದ್ಧ. ಮೊದ್ಲು ವರ್ಮಿನ್ (ಪೀಡೆ ಪ್ರಾಣಿಗಳು) ಅಂತ ಐದನೇ ಶೆಡ್ಯೂಲ್ ಇತ್ತು, 2022ರ ತಿದ್ದುಪಡಿಲಿ ಆ ಶೆಡ್ಯೂಲನ್ನೇ ತೆಗೆದಾಕಿದ್ರು. ಕಾಡುಹಂದಿ ಈಗ ಎರಡನೇ ಶೆಡ್ಯೂಲಲ್ಲಿದೆ, ಅಂದ್ರೆ ರಕ್ಷಣೆ ಇರೋ ಪ್ರಾಣಿಗಳ ಪಟ್ಟೀಲಿ. ಬೆಳೆ ಹಾಳು ಮಾಡೋ ಪ್ರಾಣಿನ ಹೊಡಿಯೋಕೆ 11ನೇ ಸೆಕ್ಷನ್ನಲ್ಲಿ ದಾರಿ ಇದೆ, ಆದ್ರೆ ಅದು ಮುಖ್ಯ ವನ್ಯಜೀವಿ ಪರಿಪಾಲಕರು ಇಲ್ಲಾ ಅವರು ಅಧಿಕಾರ ಕೊಟ್ಟ ಆಫೀಸರು ಬರವಣಿಗೇಲಿ ಆರ್ಡರ್ ಕೊಟ್ರೆ ಮಾತ್ರ. ಬೆಳೆ ರಕ್ಷಣೆಗೆ ಅಂತ ಬಂದೂಕಿನ ಲೈಸೆನ್ಸ್ ಇದ್ರೂ ಅದು ಬಂದೂಕು ಇಟ್ಕೊಳ್ಳೋಕೆ ಪರ್ಮಿಷನ್, ಹಂದಿ ಹೊಡಿಯೋಕಲ್ಲ. ಊರಲ್ಲಿ ಎಷ್ಟೋ ಜನ ಎರಡನ್ನೂ ಒಂದೇ ಅನ್ಕೊಂಡವ್ರೆ.

ಇನ್ನು .177 ಏರ್‌ಗನ್ನಲ್ಲಿ ಹಂದಿಗೆ ಹೊಡೆದ್ರೆ ಹಂದಿ ಸಾಯಲ್ಲ, ಗಾಯ ಕೀವಾಗಿ ನರಳುತ್ತೆ, ಅದೂ ಸಾಲ್ದು ಅಂತ ನಿಮ್ ಮೇಲೆ ಕೇಸು. ಬೆಳೆ ಹಾಳಾಗಿದ್ರೆ ಫೋಟೋ ತೆಗೆದು ಪಹಣಿ ಹಿಡ್ಕೊಂಡು ರೇಂಜ್ ಆಫೀಸಿಗೆ ಪರಿಹಾರಕ್ಕೆ ಅರ್ಜಿ ಹಾಕಿ, ಸೋಲಾರ್ ಬೇಲಿ ಬಗ್ಗೆನೂ ಅಲ್ಲೇ ವಿಚಾರಿಸಿ. ಕರೆಂಟ್ ಲೈನಿಂದ ನೇರ ತಂತಿ ಮಾತ್ರ ಎಳೀಬೇಡಿ, ಹಂದಿಗಿಂತ ಮುಂಚೆ ನೀರು ಕಟ್ಟೋಕೆ ಹೋದ ಮನುಷ್ಯನೇ ಸಾಯ್ತಾನೆ.

ಕಬ್ಬಿನಗದ್ದೆ (ಮದ್ದೂರು)

ಅಯ್ಯೋ ಗಾಬ್ರಿ ಬೀಳ್ಬೇಡಿ ಅಣ್ಣ, ಹೊಡಿಯಕ್ಕಲ್ಲ. ಸ್ಕೋಪಲ್ಲಿ ಎಷ್ಟವೆ, ಯಾವ್ ಕಡೆಯಿಂದ ನುಗ್ತವೆ ಅಂತ ನೋಡವಾ ಅಂತ ಅಷ್ಟೇಯಾ.

ಗುರಿಕಾರ (ಮೈಸೂರು)

ಅದಕ್ಕೂ ರೈಫಲ್ ಸ್ಕೋಪ್ ಬೇಡ. ಸ್ಕೋಪಲ್ಲಿ ನೋಡ್ಬೇಕು ಅಂದ್ರೆ ರೈಫಲ್ಲನ್ನೇ ಆ ಕಡೆ ತಿರುಗಿಸ್ಬೇಕು, ಅತ್ತ ಕಡೆ ಗದ್ದೇಲಿ ಯಾರಿದಾರೋ ಏನೋ. ಏನಿದೆ ಅಂತ ಗೊತ್ತಾಗೋಕೆ ಮುಂಚೆ ನಳಿಕೆ ತಿರುಗಿಸೋದು ಕ್ಲಬ್ಬಲ್ಲಿ ಮೊದಲ ದಿನವೇ ಬೈಸಿಕೊಳ್ಳೋ ಕೆಲಸ. ಒಂದು 8×42 ಬೈನಾಕ್ಯುಲರ್ ತಗೊಳ್ಳಿ. ಮುಂದಿನ ಲೆನ್ಸ್ 42ನ ಪವರ್ 8ರಿಂದ ಭಾಗಿಸಿದ್ರೆ ಕಣ್ಣಿಗೆ ಐದೂಕಾಲು ಮಿಮೀ ಬೆಳಕಿನ ಕಿಂಡಿ ಸಿಗುತ್ತೆ, ಮಬ್ಬಿಗೆ ಬೇಕಾದಷ್ಟಾಯ್ತು, ರಂಗನತಿಟ್ಟಿಗೆ ಹೋದಾಗ ಕೊಕ್ಕರೆನೂ ನೋಡಬಹುದು.

ಕೈಲ್‌ಪೊಳ್ದ್ (ಈಗ ಮೈಸೂರಲ್ಲಿ)

ಲೈಸೆನ್ಸ್ ಮಾತು ಬಂತಲ್ಲ, ಅದಕ್ಕೆ ಹೇಳ್ತೀನಿ. ನಮ್ಮ ಕಡೆ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಆರ್ಮ್ಸ್ ಆಕ್ಟಲ್ಲಿ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ರು. ಮೈಸೂರಲ್ಲಿ ಕೆಲವರು ಅದನ್ನ ಕೇಳಿ ಕೊಡಗಲ್ಲಿ ಬೇಟೆಗೆ ಫ್ರೀ ಅಂತ ತಿಳ್ಕೊಂಡಿದಾರೆ. ಇಲ್ಲ, ವನ್ಯಜೀವಿ ಕಾಯ್ದೆ ಅಲ್ಲಿಗೂ ಒಂದೇ. ನಾವು ಹಬ್ಬದಲ್ಲಿ ಹೊಡೆಯೋದು ತೆಂಗಿನಕಾಯಿಗೆ, ಅದೂ ನಮ್ಮೂರಲ್ಲಿ ಓಪನ್ ಸೈಟಲ್ಲೇ, ಸ್ಕೋಪ್ ಹಾಕ್ಕೊಂಡು ಬಂದ್ರೆ ಹಿರಿಯರು ನಗ್ತಾರೆ.

ಹತ್ತು ಮೀಟರ್ ಅಮ್ಮ (ಮೈಸೂರು)

ಇದೇ ಜಾಗದಲ್ಲಿ ಕೇಳ್ಬಿಡ್ತೀನಿ, ಬೇರೆ ಎಲ್ಲಿ ಕೇಳೋದು ಗೊತ್ತಾಗ್ಲಿಲ್ಲ. ಮಗಳು ಒಂಬತ್ತನೇ ಕ್ಲಾಸು, ರೈಫಲ್ ಕ್ಲಬ್ಬಿಗೆ ಸೇರಿಸಿದೀವಿ. ಕನ್ನಡಕ ಇದೆ. ಅವಳಿಗೂ ಇಂಥ ಸ್ಕೋಪ್ ಕೊಡಿಸ್ಬೇಕಾ? ಅವರಪ್ಪ ಆನ್‌ಲೈನಲ್ಲಿ ಕಾರ್ಟಿಗೆ ಹಾಕಿ ಕೂತಿದಾರೆ.

ಗುರಿಕಾರ (ಮೈಸೂರು)

ಬೇಡ ಮೇಡಂ, ಕಾರ್ಟಿಂದ ತೆಗೆಸಿ. 10 ಮೀಟರ್ ಏರ್ ರೈಫಲ್ ಪಂದ್ಯದಲ್ಲಿ ಟೆಲಿಸ್ಕೋಪ್ ಇರೋ ಸೈಟು ಹಾಕೋ ಹಾಗೇ ಇಲ್ಲ, ಅಂತಾರಾಷ್ಟ್ರೀಯ ನಿಯಮನೇ ಅದು. ಹಿಂದೆ ಸಣ್ಣ ತೂತಿನ ಪೀಪ್ ಸೈಟು, ಮುಂದೆ ಟನಲ್ ಒಳಗೊಂದು ರಿಂಗು, ಅಷ್ಟೇ. ಆ ಟಾರ್ಗೆಟ್ಟಲ್ಲಿ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಲ್ಲಿ ಚಿನ್ನ ಹೊಡೆದಿದ್ದೂ, ಗಗನ್ ನಾರಂಗ್ 2012ರಲ್ಲಿ ಲಂಡನ್ನಲ್ಲಿ ಕಂಚು ತಂದಿದ್ದೂ ಅದೇ ತೂತಿನ ಸೈಟಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್‌ಗೆ ಕಂಚು ಗೆದ್ರಲ್ಲ, ಅದಕ್ಕೂ ಸ್ಕೋಪ್ ಇಲ್ಲ. ಕನ್ನಡಕದ ಮಕ್ಕಳಿಗೆ ಶೂಟಿಂಗ್ ಫ್ರೇಮ್ ಅಂತ ಬರುತ್ತೆ, ಲೆನ್ಸ್ ಸರಿಯಾಗಿ ಕಣ್ಣಿನ ನೇರಕ್ಕೆ ಜರುಗಿಸ್ಕೋಬಹುದು. ಕೋಚ್ ಹತ್ರ ಮಾತಾಡಿ, ಕಣ್ಣಿನ ಡಾಕ್ಟರ್ ಹತ್ರ ಹೋಗುವಾಗ ಮಗು ರೈಫಲ್ ಹಿಡಿದಾಗ ತಲೆ ಹೇಗಿಟ್ಕೊಳ್ಳುತ್ತೆ ಅಂತ ಒಂದು ಫೋಟೋ ತಗೊಂಡು ಹೋಗಿ.

ಹತ್ತು ಮೀಟರ್ ಅಮ್ಮ (ಮೈಸೂರು)

ಥ್ಯಾಂಕ್ಸ್ ಸರ್. ಕಾರ್ಟ್ ಖಾಲಿ ಆಯ್ತು, ಅವರಪ್ಪನ ಮುಖ ನೋಡೋ ಹಾಗಿಲ್ಲ 😄

ಒಂಟಿಕೊಪ್ಪಲ್ ಹೈದ

ಗುರಿಕಾರ ಸಾರ್ ನಿಮ್ ಲೆಕ್ಕ ಸರಿನೇ ಇರಬಹುದು ಆದ್ರೆ ಅದು ಕಣ್ಣು ಅಂಚಿಗೆ ಹೋದ್ರೆ ಅಂತ ನೀವೇ ಹೇಳಿದೀರ, ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಇಟ್ರೆ ಕಣ್ಣು ಮಧ್ಯದಲ್ಲೇ ಇರುತ್ತೆ, ಆಗ ಪ್ಯಾರಲಾಕ್ಸ್ ಸೊನ್ನೆ. ನಾನು 3-9ನೇ ಹಾಕಿ 20 ಮೀಟರಲ್ಲಿ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದೊಳಗೆ ಕೂರಿಸ್ತೀನಿ. ಎಲ್ಲರಿಗೂ ಎಒ ಎಒ ಅಂತ ಹೇಳಿ ಸುಮ್ನೆ ಖರ್ಚು ಜಾಸ್ತಿ ಮಾಡಿಸ್ತಿದೀರ ಅನ್ಸುತ್ತೆ. ಎಒ ರಿಂಗ್ ಇದ್ರೆ ಅದೊಂದು ಜಾಸ್ತಿ ಚಲಿಸೋ ಭಾಗ, ತೂಕ ಬೇರೆ.

ಗುರಿಕಾರ (ಮೈಸೂರು)

ಕೆನ್ನೆ ಮಾತು ನೂರಕ್ಕೆ ನೂರು ಒಪ್ಪಿದೆ. ಕಣ್ಣು ನಟ್ಟನಡುವೆ ಇದ್ರೆ ತಪ್ಪೇ ಇಲ್ಲ. ಅದನ್ನ ಖಾತ್ರಿ ಮಾಡ್ಕೊಳ್ಳೋಕೂ ಒಂದು ದಾರಿ ಇದೆ, ತಲೆನ ಸ್ವಲ್ಪ ಹಿಂದಕ್ಕೆ ತಗೊಂಡ್ರೆ ಚಿತ್ರದ ಸುತ್ತ ಕಪ್ಪು ಬಳೆ ಬರುತ್ತಲ್ಲ, ಆ ಬಳೆ ಎಲ್ಲಾ ಕಡೆ ಒಂದೇ ದಪ್ಪ ಇರೋ ಹಾಗೆ ನೋಡ್ಕೊಂಡು ಟ್ರಿಗರ್ ಒತ್ತೋದು.

ಆದ್ರೆ ನೀನು ಇನ್ನೊಂದು ಮರೀತಿದೀಯ. ಪ್ಯಾರಲಾಕ್ಸ್ ಬಿಡು, ಚಿತ್ರನೇ ಮಸುಕಾಗುತ್ತೆ. 91 ಮೀಟರ್‌ಗೆ ಸೆಟ್ ಆದ ಸ್ಕೋಪಲ್ಲಿ 10 ಮೀಟರ್ ಕಾಗದ ನೋಡು, 3 ಪವರಲ್ಲಿ ಪರ್ವಾಗಿಲ್ಲ, 9ಕ್ಕೆ ಹಾಕಿದ್ರೆ ಹಾಲಲ್ಲಿ ಅದ್ದಿದ ಹಾಗಿರುತ್ತೆ, ಕರೀ ಉಂಗುರದ ಅಂಚು ಎಲ್ಲಿ ಅಂತ ಗೊತ್ತಾಗಲ್ಲ. ಅಂದ್ರೆ 9ಕ್ಕೆ ದುಡ್ಡು ಕೊಟ್ಟು 4ರಲ್ಲಿ ಓಡಿಸ್ಬೇಕು. ನಿನಗೆ 20 ಮೀಟರಲ್ಲಿ ನಡೀತಿದೆ ಸರಿ, ಅವರು ಕೇಳ್ತಿರೋದು 10ರಿಂದ 35.

ಖರ್ಚಿನ ಮಾತಿಗೆ ಬಂದ್ರೆ, ವೋರ್ಟೆಕ್ಸ್‌ನಲ್ಲೇ ಬೇಕು ಅಂದ್ರೆ ಕ್ರಾಸ್‌ಫೈರ್‌ನಲ್ಲಿ ರಿಮ್‌ಫೈರ್ 2-7×32 ಅಂತ ಇದೆ, ಅದರ ಪ್ಯಾರಲಾಕ್ಸ್ 50 ಗಜಕ್ಕೆ. ಹಾಕು ಲೆಕ್ಕಕ್ಕೆ, ಅರ್ಧ ಲೆನ್ಸ್ 16, 50 ಗಜ ಅಂದ್ರೆ 46 ಮೀಟರ್ ಹತ್ರ, 25 ಮೀಟರ್ ಗುರಿಗೆ ಬರೋದು 7 ಮಿಮೀ ಚಿಲ್ರೆ. ಹದಿನಾಲ್ಕೂವರೆ ಎಲ್ಲಿ, ಏಳು ಎಲ್ಲಿ. ಸಣ್ಣ ಲೆನ್ಸು, ಹತ್ತಿರದ ಸೆಟ್ಟಿಂಗು, ಎರಡೂ ಸಹಾಯ ಮಾಡುತ್ತೆ. ಲ್ಯೂಪೋಲ್ಡಲ್ಲೂ ಹಾಗೇ, ಇಎಫ್‌ಆರ್ ಅಂತ ಬರೆದಿರೋ 3-9×33 ಹತ್ತಿರದ ಗುರಿಗೆ ಅಂತಲೇ ಮಾಡಿದ್ದು, ಬರೀ 3-9×40 ಆ ಕೆಲಸಕ್ಕಲ್ಲ.

ಹೆಬ್ಬಾಳ ಲೇತ್ (ಮೈಸೂರು)

ಎಲ್ರೂ ಗ್ಲಾಸು ಗ್ಲಾಸು ಅಂತಿದೀರ, ಕಬ್ಬಿಣದ ಕಡೆ ಯಾರಾದ್ರೂ ನೋಡ್ತೀರಾ ಅಂತ ಕಾಯ್ತಿದ್ದೆ.

ಸ್ಪ್ರಿಂಗ್ ಗನ್ ಅಂದ್ರೆ ಸಾಮಾನ್ಯ ಅಲ್ಲ ಸ್ವಾಮಿ. ಬೆಂಕಿ ಬಂದೂಕು ಒಂದೇ ಕಡೆ ಒದೆಯುತ್ತೆ, ಹಿಂದಕ್ಕೆ. ಸ್ಪ್ರಿಂಗ್ ಗನ್ನಲ್ಲಿ ಮೊದಲು ಪಿಸ್ಟನ್ ಮುಂದೆ ಓಡ್ತಿದ್ದಂಗೆ ಗನ್ ಹಿಂದೆ ಬರುತ್ತೆ, ಪಿಸ್ಟನ್ ಹೋಗಿ ಗಾಳಿ ಮೇಲೆ ಗುದ್ದಿ ನಿಂತ ತಕ್ಷಣ ಗನ್ ಮುಂದಕ್ಕೆ ಎಳೆಯುತ್ತೆ. ಒಂದು ಸಲ ಟ್ರಿಗರ್ ಒತ್ತಿದ್ರೆ ಹಿಂದೊಂದು ಮುಂದೊಂದು. ಮುಂದಿನ ಏಟಿಗೆ ಅಂತ ಬ್ರೇಸಿಂಗ್ ಕೊಡದೆ ಇರೋ ಸ್ಕೋಪಲ್ಲಿ ಒಳಗಿನ ಲೆನ್ಸು, ಗೆರೆ ಸಡಿಲ ಆಗುತ್ತೆ. .30-06 ಅನ್ನೋ ದೊಡ್ಡ ಬೇಟೆ ಗುಂಡಿಗೆ ತಡೆಯುತ್ತೆ ಅಂತ ಡಬ್ಬದ ಮೇಲೆ ಬರೆದಿದ್ರೂ ಸ್ಪ್ರಿಂಗ್ ಗನ್ನಿಗೆ ತಡೆಯುತ್ತೆ ಅಂತ ಅರ್ಥ ಅಲ್ಲ. ಡಬ್ಬದಲ್ಲೋ ಪೇಪರಲ್ಲೋ ಏರ್‌ಗನ್ ರೇಟೆಡ್ ಅಂತ ಇದೆಯಾ ನೋಡಿ, ಅಂಗಡಿಯವನ ಬಾಯಿ ಮಾತು ಸಾಲದು. ಗ್ಯಾಸ್ ರ‍್ಯಾಮ್ ಗನ್ನಿಗೂ (ಸ್ಪ್ರಿಂಗ್ ಬದಲು ಗ್ಯಾಸ್ ಇರೋದು) ಇದೇ ಪಾಡು. ಪಿಸಿಪಿ (ಮೊದ್ಲೇ ಒತ್ತಡದ ಗಾಳಿ ತುಂಬಿಟ್ಕೊಳ್ಳೋ ಗನ್) ಇದ್ರೆ ಮಾತ್ರ ಈ ತಲೆನೋವಿಲ್ಲ.

ಎರಡನೇದು ಮೌಂಟು. ಮದ್ದೂರಣ್ಣ, ನಿಮ್ ಗನ್ ಮೇಲಿರೋದು 11 ಮಿಮೀ ಡವ್‌ಟೇಲ್ ಗಾಡಿನಾ (ಉದ್ದಕ್ಕೆ ಕೊರೆದಿರೋ ಕಚ್ಚು) ಇಲ್ಲಾ ಪಿಕಾಟಿನಿ ರೈಲಾ ಮೊದ್ಲು ನೋಡಿ. ಪಿಕಾಟಿನಿ ಅಂದ್ರೆ ಅಡ್ಡಡ್ಡ ಗಾಡಿ ಹೊಡೆದಿರುತ್ತೆ, ಅಗಲ 21 ಮಿಮೀ ಹತ್ರ. ಒಂದರ ರಿಂಗ್ ಇನ್ನೊಂದಕ್ಕೆ ಕೂರಲ್ಲ. ಡವ್‌ಟೇಲ್ ಆಗಿದ್ರೆ ಎರಡು ಬಿಡಿ ರಿಂಗ್ ತಗೋಬೇಡಿ, ಒಂದೇ ಪೀಸ್ ಮೌಂಟ್ ತಗೊಳ್ಳಿ, ಕೆಳಗೆ ಸ್ಟಾಪರ್ ಪಿನ್ ಇರ್ಬೇಕು, ಆ ಪಿನ್ನು ಗನ್ ಮೇಲಿರೋ ತೂತಿಗೆ ಇಳಿದು ಕೂರ್ಬೇಕು. ಇಲ್ದಿದ್ರೆ ಹೊಡೀತಾ ಹೊಡೀತಾ ಮೌಂಟು ಕೂದಲೆಳೆ ಕೂದಲೆಳೆಯಾಗಿ ಹಿಂದಕ್ಕೆ ತೆವಳುತ್ತೆ, ನೀವು ಸ್ಕೋಪ್ ಸರಿ ಇಲ್ಲ ಅಂತ ಬಯ್ಕೊಂಡು ಕೂತಿರ್ತೀರ.

ಮೂರನೇದು ನಳಿಕೆ ಬಗ್ಗಿಸೋ ಗನ್ನುಗಳ ಜಾತಿ ರೋಗ, ನಳಿಕೆ ಮೂತಿ ಒಂಚೂರು ಕೆಳಗೆ ಬಾಗಿರುತ್ತೆ. ಓಪನ್ ಸೈಟಲ್ಲಿ ಗೊತ್ತಾಗಲ್ಲ, ಯಾಕಂದ್ರೆ ಹಿಂದಿನ ಸೈಟು, ಮುಂದಿನ ಸೈಟು ಎರಡೂ ಎಷ್ಟೋ ಗನ್‌ಗಳಲ್ಲಿ ನಳಿಕೆ ಮೇಲೇ ಇರುತ್ತೆ. ಸ್ಕೋಪ್ ಕೂರೋದು ಗನ್ನಿನ ಟ್ಯೂಬ್ ಮೇಲೆ. ಆಗ ಎಲಿವೇಷನ್ ಟರೆಟ್ಟನ್ನ, ಅಂದ್ರೆ ಗುರಿ ಮೇಲೆ ಕೆಳಗೆ ಮಾಡೋ ತಿರುಪನ್ನ, ಪೂರ್ತಿ ತಿರುಗಿಸಿದ್ರೂ ಗುಂಡು ಕೆಳಗೇ ಬೀಳುತ್ತೆ, ಟರೆಟ್ ಕೊನೆಗೆ ಬಂದ ಮೇಲೆ ಒಳಗಿನ ಸ್ಪ್ರಿಂಗಿಗೂ ಬಿಗಿ ಇರಲ್ಲ, ಜೀರೋ (ಕ್ರಾಸ್ ಇಟ್ಟಲ್ಲೇ ಗುಂಡು ಬೀಳೋ ಹೊಂದಾಣಿಕೆ) ಅಲೆಯೋಕೆ ಶುರು. ಇದಕ್ಕೆ ಹಿಂದೆ ಎತ್ತರ ಮುಂದೆ ತಗ್ಗು ಇರೋ ಡ್ರೂಪ್ ಮೌಂಟ್ ಸಿಗುತ್ತೆ. ಸಿಗ್ದಿದ್ರೆ ಹಿಂದಿನ ರಿಂಗಿನ ಕೆಳಗಡೆ ಅರ್ಧದಲ್ಲಿ ತೆಳು ತಗಡಿನ ಚೂರು, ಕೂಲ್‌ಡ್ರಿಂಕ್ಸ್ ಟಿನ್ ಕತ್ತರಿಸಿದ್ರೆ ಸಾಕು, ಒಂದು ಪದರ, ಜಾಸ್ತಿ ಅಂದ್ರೆ ಎರಡು. ಅದಕ್ಕಿಂತ ಜಾಸ್ತಿ ಇಟ್ಟು ಬಿಗಿದ್ರೆ ಸ್ಕೋಪ್ ಟ್ಯೂಬೇ ಬಾಗುತ್ತೆ.

ಸ್ಕ್ರೂ ಬಿಗಿ ಮಾಡೋವಾಗ ಉದ್ದನೇ ಅಲೆನ್ ಕೀ ಹಾಕಿ ತೋಳು ಪ್ರದರ್ಶನ ಬೇಡ. ರಿಂಗಿನ ಮೇಲಿನ ಸ್ಕ್ರೂಗಳಿಗೆ 15ರಿಂದ 18 ಇಂಚ್ ಪೌಂಡ್, ಅಷ್ಟೇ. ಮೂಲೆ ಮೂಲೆಗೆ ಒಂದು ಬಿಟ್ಟು ಒಂದು, ಎರಡೂ ಕಡೆ ಸಂದು ಒಂದೇ ಸಮ ಇರ್ಲಿ. ಟಾರ್ಕ್ ಡ್ರೈವರ್ ಇಲ್ವಾ, ಅಲೆನ್ ಕೀಲಿ ಗಿಡ್ಡ ಕಡೆ ಹಿಡ್ಕೊಂಡು ಎರಡು ಬೆರಳಲ್ಲಿ ತಿರುಗಿಸಿ, ನಿಂತಲ್ಲಿ ನಿಲ್ಲಿಸಿ.

ಪಾಂಡವಪುರ ಪ್ಯಾಸೆಂಜರ್

ಲೇತ್ ಅಣ್ಣನ ಪೋಸ್ಟನ್ನ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ಬೇಕು 🙏

ಕುಕ್ಕರಹಳ್ಳಿ ವಾಕರ್

ನಾನು ಫೀಲ್ಡಲ್ಲಿ ಜಾಸ್ತಿ ಮಾತಾಡಲ್ಲ, ನೋಡಿದ್ದು ಮಾತ್ರ ಹೇಳ್ತೀನಿ. ನನ್ ಹತ್ರ ವ್ಯಾಂಟೇಜ್ 4-12×40 ಎಒ ಇದೆ, ಫ್ರೆಂಡ್ ಹತ್ರ ಯುಟಿಜಿ ಬಗ್ ಬಸ್ಟರ್ 3-12×32, ಅವನ ತಮ್ಮನ ಹತ್ರ ಕ್ರಾಸ್‌ಫೈರ್ 3-9×40. ಮೂರನ್ನೂ ಒಂದೇ ಮೇಜಿನ ಮೇಲೆ ಮರಳು ತುಂಬಿದ ಗೋಣಿಚೀಲದ ಮೇಲೆ ಇಟ್ಟು, ಒಂದೇ ಟಾರ್ಗೆಟ್ ಕಡೆ ತಿರುಗಿಸಿ, ಗನ್ ಮುಟ್ಟದೆ ತಲೆ ಮಾತ್ರ ಆಡಿಸಿ ನೋಡಿದ್ವಿ. ಮನೇಲಿ ಯಾರು ಬೇಕಾದ್ರೂ ಮಾಡಬಹುದು, ಪೆಲೆಟ್ಟೂ ಬೇಡ.

25 ಮೀಟರಲ್ಲಿ ಕ್ರಾಸ್‌ಫೈರ್ ಗೆರೆ ತಲೆ ಅಲ್ಲಾಡಿದ ಹಾಗೆ ಉಂಗುರದಿಂದ ಉಂಗುರಕ್ಕೆ ನಡೆದಾಡ್ತಿತ್ತು, ಗುರಿಕಾರ ಸಾರ್ ಲೆಕ್ಕ ಕಣ್ಣಿಗೇ ಕಾಣುತ್ತೆ. ವ್ಯಾಂಟೇಜ್‌ನ ಎಒ ರಿಂಗನ್ನ ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಒಂದು ಜಾಗದಲ್ಲಿ ಗೆರೆ ಟಾರ್ಗೆಟ್ಟಿಗೆ ಅಂಟ್ಕೊಂಡಂಗೆ ನಿಂತುಬಿಡ್ತು. ಒಂದು ವಿಷ್ಯ ಗಮನಿಸಿ, ರಿಂಗ್ ಮೇಲಿನ ಗಜದ ನಂಬರ್ ನಂಬ್ಕೊಂಡು ಕೂರಬೇಡಿ, ಯಾವ ಕಂಪನಿದೇ ಆಗಲಿ ಅದು ಅಂದಾಜು, ತಲೆ ಆಡಿಸಿ ಗೆರೆ ನಿಲ್ಲೋ ಜಾಗಕ್ಕೆ ಬಿಳಿ ಪೆನ್ನಲ್ಲಿ ನಿಮ್ಮದೇ ಗುರುತು ಹಾಕ್ಕೊಳ್ಳಿ. ಅದಕ್ಕೂ ಮೊದ್ಲು ಹಿಂದಿನ ಐಪೀಸ್ ತಿರುಗಿಸಿ ಖಾಲಿ ಆಕಾಶದ ಕಡೆ ನೋಡಿ ಗೆರೆ ಚೂಪಾಗಿ ಕಾಣೋ ಹಾಗೆ ಮಾಡ್ಕೋಬೇಕು, ಸೂರ್ಯನ ಕಡೆ ಮಾತ್ರ ಅಪ್ಪಿತಪ್ಪಿಯೂ ಬೇಡ.

ಬಗ್ ಬಸ್ಟರ್ ಗಿಡ್ಡ, ಅದರ ಪ್ಯಾರಲಾಕ್ಸ್ 3 ಗಜಕ್ಕೇ ಇಳಿಯುತ್ತೆ, ಮನೆ ವರಾಂಡದಲ್ಲೂ ಹೊಡಿಬಹುದು. ಆದ್ರೆ 12 ಪವರಲ್ಲಿ 32 ಭಾಗ 12, ಎರಡೂಮುಕ್ಕಾಲು ಮಿಮೀ ಕೂಡ ಇಲ್ಲ ಕಿಂಡಿ, ಕಣ್ಣು ಒಂಚೂರು ಅಲ್ಲಾಡಿದ್ರೆ ಕಪ್ಪು. 6-7 ಪವರಲ್ಲಿ ಆರಾಮ. ಸಾಯಂಕಾಲ ಆರೂವರೆ ಮೇಲೆ ಕ್ರಾಸ್‌ಫೈರ್ 5 ಪವರಲ್ಲಿ ಚಿತ್ರ ನಂಗೆ ಮೂರು ಸ್ಕೋಪುಗಳಲ್ಲಿ ಹೆಚ್ಚು ಇಷ್ಟ ಆಯ್ತು, ಅದನ್ನ ಹೇಳ್ದಿದ್ರೆ ಒಂಟಿಕೊಪ್ಪಲ್ ಹೈದನಿಗೆ ಅನ್ಯಾಯ ಆಗುತ್ತೆ.

ಒಂಟಿಕೊಪ್ಪಲ್ ಹೈದ

ಹಾ ಅದು ಹೇಳಿ 😎

ಕಬ್ಬಿನಗದ್ದೆ (ಮದ್ದೂರು)

ಎಷ್ಟೊಂದು ವಿಷ್ಯ ಐತಲ್ಲಪ್ಪ ಇದ್ರಾಗೆ. 6-24ರ ಬಗ್ಗೆ ಯಾರೂ ಮಾತೇ ಆಡ್ನಿಲ್ವಲ್ಲ, ಭಾವಮೈದ ಬುಡಂಗಿಲ್ಲ.

ಗುರಿಕಾರ (ಮೈಸೂರು)

50 ಭಾಗ 24, ಎರಡು ಮಿಮೀ ಕಿಂಡಿ. ಮಧ್ಯಾಹ್ನ ಬಿಸಿಲಲ್ಲಿ ಓಕೆ, ಮೋಡ ಕವಿದ್ರೆ ಕತ್ತಲೆ. 24ರಲ್ಲಿ ನಿಮ್ಮ ನಾಡಿ ಬಡಿತನೂ ಟಾರ್ಗೆಟ್ ಮೇಲೆ ಕುಣಿಯುತ್ತೆ, ಮುಚ್ಚಳ ಹುಡುಕೋಷ್ಟರಲ್ಲಿ ಕೈ ಸೋತಿರುತ್ತೆ. ಫೀಲ್ಡ್ ಟಾರ್ಗೆಟ್ ಅಂತ ಒಂದು ಆಟ ಇದೆ, 55 ಗಜದ ತನಕ, ಅದರಲ್ಲಿ ದೊಡ್ಡ ಪವರ್ ಹಾಕೋರು ಫೋಕಸ್ ಎಲ್ಲಿ ಚೂಪಾಗುತ್ತೆ ಅಂತ ನೋಡಿ ದೂರ ಅಳೆಯೋಕೆ ಹಾಕೋದು. ನಿಮ್ಮ ಆಲೆಮನೇಲಿ ಟೇಪ್ ಹಿಡಿದ್ರೆ ದೂರ ಗೊತ್ತಾಗುತ್ತೆ. ಸೈಡ್ ಫೋಕಸ್ (ಪ್ಯಾರಲಾಕ್ಸ್ ಸೆಟ್ ಮಾಡೋ ತಿರುಪು ಪಕ್ಕದಲ್ಲಿ) ಇರೋ ದೊಡ್ಡ ಸ್ಕೋಪ್‌ಗಳಲ್ಲೂ ಕೆಲವು 20-25 ಗಜಕ್ಕಿಂತ ಹತ್ತಿರ ಇಳಿಯಲ್ಲ, ಅದನ್ನ ಯಾರೂ ಜಾಹೀರಾತಲ್ಲಿ ದಪ್ಪ ಅಕ್ಷರದಲ್ಲಿ ಹಾಕಲ್ಲ.

ಭಾವಮೈದನಿಗೆ ಇರುವೆ ಕಾಲು ನೋಡ್ಬೇಕಾದ್ರೆ ಭೂತಗನ್ನಡಿ ಕೊಡ್ಸಿ.

ನಂಜುಮಳಿಗೆ ಸರ್ಕಲ್

ತಗೊಳ್ಳೋ ಜಾಗದ ಬಗ್ಗೆ ಒಂದು ಮಾತು. ನಾನು ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಿದೆ, ಫೋಟೋದಲ್ಲಿ ಎಒ, ಬಂದಿದ್ದು ಎಒ ಇಲ್ಲದ್ದು, ಕೇಳಿದ್ರೆ ಮಾಡೆಲ್ ಚೇಂಜ್ ಆಗಿದೆ ಸಾರ್ ಅಂದ. ವಾಪಸ್ ಪಡೆಯೋಷ್ಟರಲ್ಲಿ ಸಾಕುಬೇಕಾಯ್ತು. ಡಬ್ಬ ಬಿಚ್ಚೋದನ್ನ ವಿಡಿಯೋ ಮಾಡಿ, ಜಿಎಸ್‌ಟಿ ಬಿಲ್ ಇಲ್ದೆ ತಗೋಬೇಡಿ, ಬಿಲ್ಲಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆಸಿ. ಲ್ಯೂಪೋಲ್ಡ್ ಮಾರ್ಕ್ 4 ಅಂತ ಮೂರು ಸಾವಿರಕ್ಕೆ ಸಿಗ್ತಿದೆ ಅಂದ್ರೆ ಅದು ನಕಲಿ, ಲ್ಯೂಪೋಲ್ಡಿನವರೇ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದಾರೆ. ಸೆಕೆಂಡ್ ಹ್ಯಾಂಡಲ್ಲಿ ನಿಕಾನ್ ಸಿಕ್ರೆ ಗ್ಲಾಸ್ ಚೆನ್ನಾಗಿರುತ್ತೆ, ಆದ್ರೆ ನಿಕಾನ್ ಈಗ ರೈಫಲ್ ಸ್ಕೋಪ್ ಮಾಡೋದನ್ನೇ ನಿಲ್ಲಿಸಿದೆ ಅನ್ನೋದು ತಲೇಲಿರಲಿ. ಹಳೇದು ಯಾವುದೇ ಆದ್ರೂ ಲೆನ್ಸಲ್ಲಿ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ತರ ಕಂಡ್ರೆ ಫಂಗಸ್, ಬಿಟ್ಟು ಬನ್ನಿ.

ಹೆಬ್ಬಾಳ ಲೇತ್ (ಮೈಸೂರು)

ಹಳೇ ಸ್ಕೋಪಿಗೆ ಇನ್ನೊಂದು ಪರೀಕ್ಷೆ. ಗನ್ ಭದ್ರವಾಗಿ ಇಟ್ಟು ಮೂರು ಪೆಲೆಟ್ ಹೊಡೀರಿ, ಟರೆಟ್ 40 ಕ್ಲಿಕ್ ಮೇಲೆ, ಮೂರು, 40 ಬಲಕ್ಕೆ, ಮೂರು, 40 ಕೆಳಗೆ, ಮೂರು, 40 ಎಡಕ್ಕೆ, ಮತ್ತೆ ಮೂರು. ಚೌಕ ಸರಿಯಾಗಿ ಮುಚ್ಕೋಬೇಕು, ಕೊನೆ ಮೂರು ಮೊದಲ ಮೂರರ ಮೇಲೇ ಬೀಳ್ಬೇಕು. ಕಾಲು ಎಂಒಎ (ಎಂಒಎ ಅಂದ್ರೆ ಒಂದು ಡಿಗ್ರಿಲಿ ಅರವತ್ತನೇ ಒಂದು ಪಾಲು) ಕ್ಲಿಕ್ಕಾದ್ರೆ 25 ಮೀಟರಲ್ಲಿ ಒಂದು ಕ್ಲಿಕ್ಕಿಗೆ 1.8 ಮಿಮೀ, 40 ಕ್ಲಿಕ್ಕಿಗೆ ಏಳು ಸೆಂಟಿಮೀಟರ್ ಚಿಲ್ರೆ ಬರಬೇಕು, ಸ್ಕೇಲ್ ಇಟ್ಟು ನೋಡಿ. ಚೌಕ ಸೊಟ್ಟ ಆದ್ರೆ ಹೆಸರು ಏನೇ ಇರ್ಲಿ ಬೇಡ.

ಕಬ್ಬಿನಗದ್ದೆ (ಮದ್ದೂರು)

ಸರಿ ಕಣಣ್ಣ, ವ್ಯಾಂಟೇಜ್ 4-12×40 ಎಒ ಅಂತ ತೀರ್ಮಾನ ಆಯ್ತು. ಸ್ಪ್ರಿಂಗ್ ಗನ್ನಿಗೆ ಆಯ್ತದೆ ಅಂತ ಬರವಣಿಗೇಲಿ ತೋರ್ಸಿದ್ರೆ ಮಾತ್ರ ದುಡ್ಡು ಕೊಡೋದು. ನನ್ ಗನ್ ಮೇಲೆ ಇರೋದು ಡವ್‌ಟೇಲು, ಪಿನ್ನಿಗೆ ತೂತೂ ಐತೆ, ಟಾರ್ಚ್ ಹಾಕಿ ನೋಡ್ದೆ. ಎರಡು ಕೇಳ್ಬೇಕು. ಮೌಂಟು ಮೀಡಿಯಮ್ಮಾ ಹೈ ಆ? ಜೀರೋ ಎಷ್ಟು ದೂರಕ್ಕೆ ಮಾಡದು?

ಹೆಬ್ಬಾಳ ಲೇತ್ (ಮೈಸೂರು)

ಎಒ ರಿಂಗ್ ಇರೋ 40ರ ಮೂತಿ ದಪ್ಪ, ಮೀಡಿಯಮ್ಮಲ್ಲಿ ಕೆಲವು ಗನ್‌ಗಳಿಗೆ ತಗುಲುತ್ತೆ. ಸ್ಕೋಪ್ ಬಂದ ಮೇಲೆ ಮೂತಿ ಹೊರ ಅಳತೆ ತೆಗೆದು ಅರ್ಧ ಮಾಡಿ, ಗಾಡಿ ಮೇಲಿಂದ ರಿಂಗ್ ಮಧ್ಯದವರೆಗಿನ ಎತ್ತರ ಅದಕ್ಕಿಂತ ಎರಡು ಮೂರು ಮಿಮೀ ಜಾಸ್ತಿ ಇರ್ಲಿ. ಎಒ ರಿಂಗ್ ತಿರುಗಿಸೋಕೆ ಬೆರಳೂ ಹೋಗ್ಬೇಕಲ್ಲ. ಟ್ಯೂಬ್ 1 ಇಂಚಾ 30 ಮಿಮೀಯಾ ನೋಡ್ಕೊಂಡೇ ರಿಂಗ್ ಆರ್ಡರ್ ಮಾಡಿ.

ಗುರಿಕಾರ (ಮೈಸೂರು)

ಜೀರೋ 25 ಮೀಟರ್‌ಗೆ ಮಾಡಿ. ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ಹೋಗುತ್ತೆ, ಸ್ಕೋಪ್ ನಡುಗೆರೆ ನಳಿಕೆ ನಡುವಿಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲಿದೆ ಅಂತ ಇಟ್ಕೊಂಡ್ರೆ, 10 ಮೀಟರಲ್ಲಿ ಒಂದು ಸೆಂಟಿಮೀಟರ್ ಚಿಲ್ರೆ ಕೆಳಗೆ ಬೀಳುತ್ತೆ, 18-20ರಲ್ಲಿ ನೇರಕ್ಕೆ, 35ರಲ್ಲಿ ಎರಡು ಸೆಂಟಿಮೀಟರ್ ಚಿಲ್ರೆ ಕೆಳಗೆ. ಹತ್ತಿರದಲ್ಲೂ ಕೆಳಗೆ ಬೀಳುತ್ತಾ ಅಂತ ಭಾವಮೈದ ವಾದ ಮಾಡ್ತಾರೆ, ಮಾಡ್ಲಿ, ಸ್ಕೋಪ್ ನಳಿಕೆ ಮೇಲೆ ಕೂತಿರೋದ್ರಿಂದ ಹಂಗೆ. ಟರೆಟ್ ಮುಟ್ಟೋದೇ ಬೇಡ, ಗೆರೆ ಮೇಲೆ ಮಿಲ್ ಡಾಟ್ ಅನ್ನೋ ಚುಕ್ಕಿಗಳಿದಾವಲ್ಲ, 10 ಮೀಟರಲ್ಲಿ ಒಂದು ಡಾಟಿಂದ ಇನ್ನೊಂದಕ್ಕೆ ಒಂದು ಸೆಂಟಿಮೀಟರ್, 35ರಲ್ಲಿ ಮೂರೂವರೆ. ಆದ್ರೆ ಈ ಸ್ಕೋಪಲ್ಲಿ ಗೆರೆ ಎರಡನೇ ಫೋಕಲ್ ಪ್ಲೇನಲ್ಲಿರೋದ್ರಿಂದ, ಅಂದ್ರೆ ಪವರ್ ಬದಲಾದ್ರೂ ಗೆರೆ ಗಾತ್ರ ಬದಲಾಗದೇ ಇರೋದ್ರಿಂದ, ಡಾಟಿನ ಅಳತೆ ಒಂದೇ ಪವರಲ್ಲಿ ಮಾತ್ರ ಸರಿ, ಯಾವ ಪವರ್ ಅಂತ ಡಬ್ಬದ ಪೇಪರಲ್ಲಿ ಬರೆದಿರುತ್ತೆ, ಆ ಪೇಪರ್ ಎಸೀಬೇಡಿ. ನಿಮ್ಮ ಗನ್ನಿಂದ 10, 15, 20, 25, 30, 35ಕ್ಕೆ ಹೊಡೆದು ಬಂದ ಅಳತೆ ಚೀಟೀಲಿ ಬರೆದು ಗನ್ನಿನ ಹಿಂದಿನ ಹಿಡಿಗೆ ಅಂಟಿಸಿ, ನನ್ನ ಲೆಕ್ಕಕ್ಕಿಂತ ನಿಮ್ಮ ಚೀಟಿನೇ ದೊಡ್ಡದು.

ಕಬ್ಬಿನಗದ್ದೆ (ಮದ್ದೂರು)

ಆಗ್ಲಿ ಸಾರ್. ಇನ್ನೊಂದೇ ಒಂದು, ಆ 8×42 ಬೈನಾಕ್ಯುಲರ್ ಅಂದ್ರಲ್ಲ, ಅದ್ರಾಗೆ ಯಾವ್ದು ಚೆನ್ನಾಗೈತೆ? ನಮ್ಮೆಂಗ್ಸು ಕೇಳ್ತಾವ್ಳೆ, ಕೊಕ್ಕರೆ ಬೆಳ್ಳೂರು ನಮ್ಗೆ ಪಕ್ಕದಲ್ಲೇ.

ಕುಕ್ಕರಹಳ್ಳಿ ವಾಕರ್

ಅದು ನನ್ ಸಬ್ಜೆಕ್ಟು, ಬಜೆಟ್ ಹೇಳಿ.